ಲಿಸಾ ಫಾಕ್ನರ್

ಲಿಸಾ ಫಾಕ್ನರ್ (ಜನನ: 19 ಫೆಬ್ರವರಿ 1972) ಇಂಗ್ಲೆಂಡಿನ ಕಿರುತೆರೆ ನಟಿ, ನಿರೂಪಕಿ ಮತ್ತು ಅಡುಗೆ ಪುಸ್ತಕಗಳ ಲೇಖಕಿ. ಸುಮಾರು ಎರಡು ದಶಕ ಧಾರಾವಾಹಿಗಳಲ್ಲಿ ದುಡಿದ ಇವರು 2010ರಲ್ಲಿ ಬಿಬಿಸಿಯ ‘ಸೆಲೆಬ್ರಿಟಿ ಮಾಸ್ಟರ್‌ಶೆಫ್’ ಸ್ಪರ್ಧೆ ಗೆದ್ದರು. ಅಲ್ಲಿಂದ ಮುಂದೆ ಅಡುಗೆಯೇ ಇವರ ಮುಖ್ಯ ಗುರುತಾಯಿತು. ಹೋಟೆಲಿನ ಬಾಣಸಿಗರ ಕೈಚಳಕಕ್ಕಿಂತ ಮನೆಯಡುಗೆಯ ಹದವನ್ನೇ ನೆಚ್ಚಿದ್ದು ಇವರ ವೈಶಿಷ್ಟ್ಯ.

ಬಾಲ್ಯ ಮತ್ತು ಮೊದಲ ಹೆಜ್ಜೆ

ಫಾಕ್ನರ್ 16 ವರ್ಷದವರಿದ್ದಾಗ ತಾಯಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮ್ಮನ ಅಡುಗೆಯ ನೆನಪನ್ನು ಜೋಪಾನ ಮಾಡುವ ಹಂಬಲವೇ ಮುಂದೆ ಇವರ ಪಾಕಬರಹದ ತಾಯಿಬೇರಾಯಿತು. ಚಿಕ್ಕ ವಯಸ್ಸಿನಲ್ಲೇ ಮಾಡೆಲಿಂಗ್ ಮಾಡುತ್ತಿದ್ದ ಇವರಿಗೆ ದೊಡ್ಡ ಅವಕಾಶ ಕೊಟ್ಟದ್ದು ಜ್ಯಾಂ-ಜಾಕ್ ಆನೊ ನಿರ್ದೇಶನದ ‘ದ ಲವರ್’ (1992) ಚಿತ್ರ. ಮಾರ್ಗರೀತ್ ದ್ಯುರಾಸ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ಕಥೆ ಫ್ರೆಂಚರ ಆಳ್ವಿಕೆಯ ವಿಯೆಟ್ನಾಮಿನಲ್ಲಿ ನಡೆಯುತ್ತದೆ. ಅದರಲ್ಲಿ ಫಾಕ್ನರ್ ನಾಯಕಿಯ ವಸತಿಶಾಲೆಯ ಗೆಳತಿ ಹೆಲೆನ್ ಆಗಿ ನಟಿಸಿದರು.

ಧಾರಾವಾಹಿಗಳ ಕಾಲ

ಬ್ರಿಟನ್ನಿನಲ್ಲಿ ಧಾರಾವಾಹಿಗಳಿಗೆ ‘ಸೋಪ್’ ಎಂಬ ಹೆಸರು ಬಂದದ್ದು ಅಮೆರಿಕದಿಂದ. 1930ರ ದಶಕದಲ್ಲಿ ಅಲ್ಲಿ ಸಾಬೂನು ಕಂಪನಿಗಳು ರೇಡಿಯೊ ನಾಟಕಗಳ ಪ್ರಾಯೋಜಕರಾಗಿದ್ದವು. ಬ್ರಿಟಿಷ್ ಸೋಪ್‌ಗಳು ಶ್ರೀಮಂತರ ಬಂಗಲೆ ಬಿಟ್ಟು ಸಾಮಾನ್ಯರ ಬೀದಿ, ಆಸ್ಪತ್ರೆ, ಪಬ್ಬುಗಳಲ್ಲಿ ಕಥೆ ಹೂಡುತ್ತವೆ. ಫಾಕ್ನರ್ ನಟಿಸಿದ ‘ಬ್ರುಕ್‌ಸೈಡ್’ ಇದಕ್ಕೆ ಒಳ್ಳೆಯ ಉದಾಹರಣೆ. ಫಿಲ್ ರೆಡ್ಮಂಡ್ ರೂಪಿಸಿದ ಈ ಧಾರಾವಾಹಿ 1982ರಲ್ಲಿ ಚಾನೆಲ್ 4 ಶುರುವಾದ ದಿನವೇ ಪ್ರಸಾರವಾಯಿತು. ಇದರ ಚಿತ್ರೀಕರಣ ಸ್ಟುಡಿಯೊ ಸೆಟ್ಟಿನಲ್ಲಲ್ಲ, ಲಿವರ್‌ಪೂಲ್ ನಗರದ ನಿಜವಾದ ಮನೆಗಳ ಒಂದು ಓಣಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಇವರ ಪಾತ್ರ ಲೂಯಿಸ್ ಹೋಪ್.

1999ರಲ್ಲಿ ಆರಂಭವಾದ ಬಿಬಿಸಿಯ ಆಸ್ಪತ್ರೆ ಧಾರಾವಾಹಿ ‘ಹೋಲ್ಬಿ ಸಿಟಿ’ಯ ಮೊದಲ ತಂಡದಲ್ಲಿ ಫಾಕ್ನರ್ ಇದ್ದರು. ಇವರ ಪಾತ್ರವಾದ ಯುವ ವೈದ್ಯೆ ವಿಕ್ಟೋರಿಯಾ ಮೆರಿಕ್ 2001ರಲ್ಲಿ ಕೊಲೆಯಾಗುತ್ತಾಳೆ.

2002ರ ಗೂಢಚಾರ ಸರಣಿ ‘ಸ್ಪೂಕ್ಸ್’ ಇವರ ಹೆಸರನ್ನು ಮನೆಮಾತಾಗಿಸಿತು. ಮುಖ್ಯ ಪಾತ್ರಗಳಲ್ಲಿ ಒಂದೆಂದೇ ಪ್ರೇಕ್ಷಕರು ನಂಬಿದ್ದ, ಇವರು ನಟಿಸಿದ ಹೆಲೆನ್ ಫ್ಲಿನ್, ಎರಡನೆಯ ಕಂತಿನಲ್ಲೇ ಜನಾಂಗದ್ವೇಷಿ ಗುಂಪಿನ ನಾಯಕನ ಕೈಗೆ ಸಿಕ್ಕಿಬೀಳುತ್ತಾಳೆ. ಕಾಯುತ್ತಿದ್ದ ಎಣ್ಣೆಗೆ ಆಕೆಯ ಕೈಯನ್ನು, ಆಮೇಲೆ ತಲೆಯನ್ನು ಅದ್ದಿ, ಕೊನೆಗೆ ಗುಂಡು ಹೊಡೆಯುತ್ತಾರೆ. ದೃಶ್ಯದ ಕ್ರೌರ್ಯದ ಬಗ್ಗೆ ಬಿಬಿಸಿಗೆ ದೂರುಗಳು ಬಂದವು. ಈ ಸರಣಿಯಲ್ಲಿ ಯಾರು ಬೇಕಾದರೂ ಸಾಯಬಹುದು ಎಂಬ ದಿಗಿಲು ನೋಡುಗರಲ್ಲಿ ಉಳಿದದ್ದು ಈ ಸಾವಿನಿಂದ.

2004-05ರ ‘ಮರ್ಡರ್ ಇನ್ ಸಬರ್ಬಿಯಾ’ದಲ್ಲಿ ಕ್ಯಾರೊಲಿನ್ ಕ್ಯಾಟ್ಸ್ ಜೊತೆ ಪತ್ತೇದಾರಿ ಪೊಲೀಸ್ ಜೋಡಿಯಾಗಿ ನಟಿಸಿದರು. ಕ್ಯಾಟ್ಸ್ ಅವರ ಪಾತ್ರವಾದ, ಎಲ್ಲವೂ ಅಚ್ಚುಕಟ್ಟಾಗಿರಬೇಕೆನ್ನುವ ಆ್ಯಶ್‌ಗೆ ಎದುರಾಗಿ, ಫಾಕ್ನರ್ ಅವರ ಸ್ಕ್ರಿಬ್ಸ್ ತುಸು ಅಸ್ತವ್ಯಸ್ತ, ಆದರೆ ಜನರೊಡನೆ ಬೇಗ ಬೆರೆಯುವ ಹೆಣ್ಣು. ಮುಂದೆ ಅಡುಗೆ ಕಾರ್ಯಕ್ರಮಗಳಲ್ಲಿ ವೀಕ್ಷಕರು ಮೆಚ್ಚಿದ ಸಲಿಗೆ ಈ ಪಾತ್ರದಲ್ಲೇ ಕಾಣಸಿಗುತ್ತದೆ.

ಮಾಸ್ಟರ್‌ಶೆಫ್ ತಿರುವು

ಹೆಸರಾಂತ ವ್ಯಕ್ತಿಗಳು ಒಲೆಯ ಮುಂದೆ ನಿಲ್ಲುವ ‘ಸೆಲೆಬ್ರಿಟಿ ಮಾಸ್ಟರ್‌ಶೆಫ್’ 2006ರಲ್ಲಿ ಶುರುವಾಯಿತು. ಕೊಟ್ಟ ಸಾಮಗ್ರಿಯಲ್ಲೇ ಹೊಸ ತಿನಿಸು ಹುಟ್ಟಿಸುವುದು, ರೆಸ್ಟೊರೆಂಟಿನ ಊಟದ ಹೊತ್ತಿನ ಧಾವಂತದಲ್ಲಿ ಬಾಣಸಿಗರ ಸಮಕ್ಕೆ ದುಡಿಯುವುದು, ನೂರಾರು ಜನರಿಗೆ ಬೇಯಿಸಿ ಬಡಿಸುವುದು ಇಲ್ಲಿನ ಪರೀಕ್ಷೆಗಳು. ನಟನೆಯ ಹೆಸರು ಇಲ್ಲಿ ಕೆಲಸಕ್ಕೆ ಬಾರದು. ತೀರ್ಪು ತಟ್ಟೆಯಲ್ಲಿರುವುದಕ್ಕೆ ಮಾತ್ರ. 2010ರ ಅಂತಿಮ ಸುತ್ತಿನಲ್ಲಿ ಫಾಕ್ನರ್ ಎದುರಿಗಿದ್ದವರು ಡಿಕ್ ಸ್ಟ್ರಾಬ್ರಿಜ್ ಮತ್ತು ಕ್ರಿಸ್ಟೀನ್ ಹ್ಯಾಮಿಲ್ಟನ್. ತೀರ್ಪುಗಾರರಾದ ಜಾನ್ ಟೊರೋಡ್ ಮತ್ತು ಗ್ರೆಗ್ ವ್ಯಾಲೇಸ್ ಗೆಲುವನ್ನು ಫಾಕ್ನರ್ ಅವರಿಗೆ ಕೊಟ್ಟರು.

ಬರಹ ಮತ್ತು ನಿರೂಪಣೆ

ಮೊದಲ ಪುಸ್ತಕ 2012ರಲ್ಲಿ ಬಂತು. ಅದರ ಹೆಸರಿನ ಅರ್ಥ ‘ನನ್ನ ಅಮ್ಮನಿಂದ ನನ್ನ ಮಗಳಿಗೆ ಬಂದ ಅಡುಗೆಗಳು’. ಬೇಗ ಅಗಲಿದ ತಾಯಿ ಒಂದು ಕಡೆ, ದತ್ತು ಪಡೆದ ಮಗಳು ಇನ್ನೊಂದು ಕಡೆ. ನಡುವೆ ನಿಂತು ಒಬ್ಬರ ರುಚಿಯನ್ನು ಇನ್ನೊಬ್ಬರಿಗೆ ದಾಟಿಸುವವರು ಲೇಖಕಿ. ಮರುವರ್ಷ ಎರಡನೆಯ ಅಡುಗೆ ಪುಸ್ತಕ, 2015ರಲ್ಲಿ ಚಹಾ ಮತ್ತು ಕೇಕ್ ಕುರಿತ ಪುಸ್ತಕ ಹೊರಬಂದವು. 2019ರ ‘ಮೆಂಟ್ ಟು ಬಿ’ ಅಡುಗೆಯ ಪುಸ್ತಕವಲ್ಲ. ಮಕ್ಕಳಾಗಲೆಂದು ಪಟ್ಟ ಪಾಡು, ಫಲಿಸದ ಐವಿಎಫ್ ಚಿಕಿತ್ಸೆ, ಕೊನೆಗೆ ದತ್ತಕದ ಮೂಲಕ ಒದಗಿದ ತಾಯ್ತನವನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಇಂಥ ನೋವನ್ನು ಒಳಗೇ ನುಂಗುವ ಹೆಣ್ಣುಮಕ್ಕಳಿಗೆ ಈ ಪ್ರಾಮಾಣಿಕತೆ ದೊಡ್ಡ ಆಸರೆ.

ನಿರೂಪಕಿಯಾಗಿ 2013ರಲ್ಲಿ ಬೆನ್ ಶೆಪರ್ಡ್ ಜೊತೆ ಚಾನೆಲ್ 4ರ ‘ವಾಟ್ಸ್ ಕುಕಿಂಗ್?’ ನಡೆಸಿಕೊಟ್ಟರು. 2017ರಲ್ಲಿ ಮತ್ತೆ ನಟನೆಗೆ ಮರಳಿ, ಬಿಬಿಸಿಯ ‘ಈಸ್ಟ್‌ಎಂಡರ್ಸ್’ನಲ್ಲಿ ಫೀ ಬ್ರೌನಿಂಗ್ ಎಂಬ ವ್ಯವಹಾರಸ್ಥೆಯಾದರು. ಆಕೆ ಧಾರಾವಾಹಿಯ ಹಳೆಯ ಖಳನಾಯಕ ವಿಲ್ಮಟ್-ಬ್ರೌನ್‌ನ ಮಗಳು ಎಂಬ ಗುಟ್ಟು ಕಥೆಯಲ್ಲಿ ಆಮೇಲೆ ಹೊರಬೀಳುತ್ತದೆ.

ಒಂದು ಕಾಲಕ್ಕೆ ತಮ್ಮ ತಟ್ಟೆಯ ರುಚಿ ನೋಡಿ ತೀರ್ಪು ಹೇಳಿದ್ದ ಜಾನ್ ಟೊರೋಡ್ ಅವರನ್ನು ಫಾಕ್ನರ್ 2019ರ ಅಕ್ಟೋಬರ್‌ನಲ್ಲಿ ಮದುವೆಯಾದರು. ಅದೇ ವರ್ಷ ಇಬ್ಬರೂ ಸೇರಿ ಐಟಿವಿಯಲ್ಲಿ ‘ಜಾನ್ ಆ್ಯಂಡ್ ಲಿಸಾಸ್ ವೀಕೆಂಡ್ ಕಿಚನ್’ ಆರಂಭಿಸಿದರು. ಇಲ್ಲಿ ಸ್ಪರ್ಧೆಯಿಲ್ಲ, ಗಡಿಯಾರದ ಗಡಿಬಿಡಿಯಿಲ್ಲ. ರಜೆಯ ಬೆಳಗ್ಗೆ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಾ ಬೇಯಿಸಿ, ಬಂದ ಅತಿಥಿಗಳಿಗೆ ಬಡಿಸುತ್ತಾರೆ.

ಸ್ಥಾನ

ಧಾರಾವಾಹಿಯಿಂದ ಒಲೆಯ ಬಳಿಗೆ ಬಂದವರಲ್ಲಿ ಫಾಕ್ನರ್ ಮೊದಲಿಗರಲ್ಲ. ‘ಈಸ್ಟ್‌ಎಂಡರ್ಸ್’ನ ಆ್ಯನಿ ಪಾಮರ್ ಪಾತ್ರಕ್ಕೆ ಹೆಸರಾದ ನಾಡಿಯಾ ಸವಾಲಾ 2007ರಲ್ಲೇ ‘ಸೆಲೆಬ್ರಿಟಿ ಮಾಸ್ಟರ್‌ಶೆಫ್’ ಗೆದ್ದಿದ್ದರು. ನಿರೂಪಕಿಯೂ ಆದ ಅವರ ಅಡುಗೆಯಲ್ಲಿ ಜೋರ್ಡಾನ್ ಮೂಲದ ತಂದೆಯ ಮನೆತನದ ರುಚಿಯಿದೆ. ಸೋಪ್ ನಟಿಯರು ವಾರಕ್ಕೆ ಹಲವು ಸಂಜೆ ಮನೆಮನೆಯ ನಡುಕೋಣೆಗೆ ಬರುವವರು. ಜನ ಅವರನ್ನು ನೆಂಟರಂತೆ ಬಲ್ಲರು. ಆದರೆ ಪಾತ್ರ ಸತ್ತ ದಿನ ಆ ನೆಂಟಸ್ತನವೂ ಕಡಿಯುತ್ತದೆ, ಸಂಬಳವೂ ನಿಲ್ಲುತ್ತದೆ. ಫಾಕ್ನರ್ ಅವರ ಪಾತ್ರಗಳಿಗೆ ಈ ಗತಿ ಎರಡು ಸಲ ಬಂತು. ಒಲೆಯ ಮುಂದೆ ಅವರು ನಿಂತದ್ದು ಯಾರೋ ಬರೆದ ಪಾತ್ರವಾಗಿ ಅಲ್ಲ, ಅಮ್ಮನ ಕೈರುಚಿಯನ್ನು ಮಗಳಿಗೆ ಮುಟ್ಟಿಸುವ ಲಿಸಾ ಆಗಿಯೇ. ಕಥೆಗಾರರು ಮುಗಿಸಲಾಗದ ಪಾತ್ರ ಅದೊಂದೇ.