ಪರಹಸ್ತಕ್ಕೆ ಒಪ್ಪಿಸಿದ ಫಾರ್ಮು

ಮೇಜಿನ ಮೇಲಣ ಗಣಕಗಳಲ್ಲಿ ಮಾಹಿತಿಸಂಗ್ರಹದ ಕಾರ್ಯವು ಸಣ್ಣಪುಟ್ಟ ಕಚೇರಿಗಳಿಗೂ ಎಟುಕಿದ 1980ರ ದಶಕದಲ್ಲಿ, ವೇಯ್ನ್ ರಾಟ್ಲಿಫ್ ರಚಿಸಿದ ಡಿಬೇಸ್ ಆ ಕ್ಷೇತ್ರದ ಅಗ್ರಗಣ್ಯ ತಂತ್ರಾಂಶವಾಗಿತ್ತು. ಅದರ ಪರದೆಯೆಂಬುದು ಸಾಲು, ಕಂಬಗಳ ಲೆಕ್ಕಾಚಾರ ಮಾತ್ರ: ಇಂತಿಷ್ಟನೆಯ ಸಾಲಿನ ಇಂತಿಷ್ಟನೆಯ ಸ್ಥಾನದಲ್ಲಿ ‘ಸೇ’ ಎಂದು ಪ್ರಶ್ನೆಯನ್ನು ಬರೆದು, ಮಗ್ಗುಲಲ್ಲಿ ‘ಗೆಟ್’ ಎಂದು ಉತ್ತರವನ್ನು ಪಡೆಯಬೇಕು. ಮತ್ತೊಂದು ಪ್ರೋಗ್ರಾಮಿಗೆ ಒಪ್ಪಿಸಲು ಫಾರ್ಮೆಂಬ ವಸ್ತುವೇ ಅಲ್ಲಿರಲಿಲ್ಲ.

1992ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಹೊರಬಂದಾಗ ಫಾರ್ಮು ಗುಣಧರ್ಮಗಳುಳ್ಳ ವಸ್ತುವಾಗಿತ್ತು. 1994ರ ಎರಡನೆಯ ಆವೃತ್ತಿಯಲ್ಲಿ ಅದರ ಬೆನ್ನಿಗೇ ಕೋಡನ್ನು ಬರೆದಿಡುವ ಸೌಕರ್ಯವೂ ಒದಗಿತು. ತೊಡಕು ಹುಟ್ಟಿದ್ದೂ ಈ ಸೌಕರ್ಯದಿಂದಲೇ ಎನ್ನಬೇಕು. ಗ್ರಾಹಕರ ಫಾರ್ಮಿಗೂ ಸರಕಿನ ಫಾರ್ಮಿಗೂ ಒಂದೇ ಪರಿಶೀಲನೆಯನ್ನು ನಕಲು ಮಾಡಿ ಬೇಸತ್ತವರು ಅದನ್ನು ಹೊರಗಣ ಮಾಡ್ಯೂಲಿಗೆ ಸಾಗಿಸಿದರು. ಆದರೆ ತನ್ನನ್ನು ಕರೆದ ಫಾರ್ಮು ಯಾವುದೆಂದು ಆ ಮಾಡ್ಯೂಲಿಗೆ ಹೇಳುವವರಾರು? ಹೆಸರನ್ನು ಕಳುಹಿಸಿ, ‘ಫಾರ್ಮ್ಸ್’ ಸಂಗ್ರಹದಲ್ಲಿ ಅದನ್ನು ಹುಡುಕಿಸುವುದು ಸುಲಭೋಪಾಯ. ಆದರೆ ಆ ಸಂಗ್ರಹದಲ್ಲಿ ಸ್ವತಂತ್ರವಾಗಿ ತೆರೆದ ಫಾರ್ಮುಗಳಿಗೆ ಮಾತ್ರ ಸ್ಥಾನ. ಬಿಲ್ಲಿನ ಒಡಲಲ್ಲಿ ಸರಕುಗಳ ಪಟ್ಟಿಯಾಗಿ ಕುಳಿತ ಉಪಫಾರ್ಮು ಕಣ್ಣೆದುರಿಗೇ ಇದ್ದರೂ, ಅಂಥದೊಂದು ಸಿಗಲಿಲ್ಲವೆಂದು 2450ನೆಯ ದೋಷಸೂಚನೆ ಏಳುತ್ತದೆ. ‘ಮೀ’ ಎಂಬೆರಡಕ್ಷರದಿಂದ ಫಾರ್ಮು ತನ್ನನ್ನೇ ಒಪ್ಪಿಸಿಕೊಂಡರೆ, ಹೊರಗೆ ‘ಆ್ಯಸ್ ಫಾರ್ಮ್’ ಎಂದು ಅದನ್ನು ಸ್ವೀಕರಿಸಿದರೆ, ಈ ಹುಡುಕಾಟದ ಪ್ರಮೇಯವೇ ಇಲ್ಲ. ಹೆಸರಿಗಿಂತ ವಸ್ತುವೇ ಲೇಸೆಂಬುದು ಈ ವೃತ್ತಿಯವರಿಗೆ ತತ್ತ್ವವಿಚಾರದಿಂದಲ್ಲ, ಇಂಥ ಪೆಟ್ಟುಗಳಿಂದಲೇ ಮನವರಿಕೆಯಾಯಿತೆಂದು ನನ್ನ ಎಣಿಕೆ.

ಪ್ರೋಗ್ರಾಮಿನ ಎಲ್ಲೆಯನ್ನು ದಾಟಿದರೆ ಸಂಗತಿ ಬೇರೆ. 1995ರಲ್ಲಿ ಬಂದ ಬೋರ್ಲ್ಯಾಂಡಿನ ಡೆಲ್ಫಿಯಲ್ಲಿ ಮುಖ್ಯ ಪ್ರೋಗ್ರಾಮೂ ಬೇರೆ ಕಡತದಲ್ಲಿದ್ದು ಅದು ಕರೆಯುವ ಕೋಡಾದ ಡಿಎಲ್ಎಲ್ಲೂ ತಂತಮ್ಮ ಕ್ಲಾಸುಗಳ ಪ್ರತಿಗಳನ್ನು ಪ್ರತ್ಯೇಕವಾಗಿ ಹೊತ್ತಿರುತ್ತಿದ್ದುದರಿಂದ, ಈಚೆಯ ಫಾರ್ಮನ್ನು ಆಚೆಯದು ತನ್ನ ಜಾತಿಯದೆಂದು ಗುರುತಿಸಲು ನಿರಾಕರಿಸುತ್ತಿತ್ತು. ಎರಡಕ್ಕೂ ಒಂದೇ ಪ್ರತಿ ಸಾಕೆನಿಸಿದ್ದು ಮೂರನೆಯ ಆವೃತ್ತಿಯ ಪ್ಯಾಕೇಜುಗಳಿಂದ. ವಿಷುಯಲ್ ಬೇಸಿಕ್ಕಿನಲ್ಲಿ ಡಿಎಲ್ಎಲ್ಲಿನ ಬಹಿರಂಗ ಕ್ಲಾಸು ಫಾರ್ಮನ್ನು ‘ಫಾರ್ಮ್’ ಎಂದೇ ಸ್ವೀಕರಿಸಹೊರಟರೆ ಕಂಪೈಲರು ತಡೆಯುತ್ತಿತ್ತು. ‘ಆಬ್ಜೆಕ್ಟ್’ ಎಂಬ ಸಾಮಾನ್ಯನಾಮದಡಿ ಸ್ವೀಕರಿಸಿದರೆ ಬಿಡುತ್ತಿತ್ತು, ತಪ್ಪಿದ್ದರೆ ಮಾತ್ರ ಅದು ಪ್ರೋಗ್ರಾಮು ನಡೆಯುವಾಗಲೇ ಬಯಲಾಗಬೇಕು. ಇನ್ನೂ ವಿಚಿತ್ರವಾದುದೊಂದಿದೆ: ಫಾರ್ಮನ್ನು ಮುಚ್ಚಿದ ಮೇಲೂ ಹೊರಗಣ ಕೋಡು ಅದರ ಕೊಂಡಿಯನ್ನು ಕೈಬಿಡದೆ, ಅದರಲ್ಲಿನ ಒಂದು ಪೆಟ್ಟಿಗೆಯನ್ನು ಮುಟ್ಟಿತೆಂದರೆ, ಆ ಫಾರ್ಮು ಯಾರಿಗೂ ಕಾಣಿಸದಂತೆ ಮರಳಿ ಸ್ಮೃತಿಗೆ ಬಂದು ನೆಲಸುತ್ತಿತ್ತು, ಮುಖ್ಯ ಕಿಟಕಿಯನ್ನು ಮುಚ್ಚಿದರೂ ಪ್ರೋಗ್ರಾಮು ಮುಗಿಯದಿರುವುದಕ್ಕೆ ಇದೂ ಒಂದು ಕಾರಣ.