ಹರಿಗೋಲಿನಿಂದ ಯಂತ್ರನೌಕೆಗೆ

ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊನ್ನಾಳಿಯ ಕಡೆಗೆ ಹರಿಯುವ ನದಿಯನ್ನು ದಾಟುವುದಕ್ಕೆ ಪೂರ್ವಿಕರಿಗೆ ಹರಿಗೋಲೇ ಸಾಧನವಾಗಿದ್ದಿತು. ಇದೇ ನದಿಯ ಕೆಳಪಾತ್ರದಲ್ಲಿ, ವಿಜಯನಗರದ ಬಳಿ, 1520ರ ಸುಮಾರಿಗೆ ಇದನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಾಗಿ, ಒಳಗೆ ಬೆತ್ತವೂ ಹೊರಗೆ ತೊಗಲೂ ಉಳ್ಳ ಈ ದೋಣಿಯಲ್ಲಿ 15–20 ಜನ ಹಿಡಿಯುತ್ತಿದ್ದರೆಂದೂ, ಅದು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುವುದೆಂದೂ ಬರೆದಿಟ್ಟಿರುವನು. 1868ರಲ್ಲಿ ಹರಿಹರದ ಸೇತುವೆಯು ಮುಗಿದ ಮೇಲೂ ಊರೂರಿನ ಕಡವುಗಳಲ್ಲಿ ಹರಿಗೋಲು ಉಳಿದೇ ಇದ್ದಿತು. ತೊಗಲನ್ನು ಒಣಗಿಸಿ, ಹರಿದೆಡೆಯನ್ನು ಹೊಲಿದು, ನೀರನ್ನು ಹೊರಗೇ ಇರಿಸಿದರೆ ಅಂಬಿಗನ ಪಾಲನಾಕಾರ್ಯವು ಮುಗಿಯಿತು.

ಯಂತ್ರವು ಬಂದಾಗ ಈ ಧರ್ಮವು ತಲೆಕೆಳಗಾಯಿತು. ಹೊರಗಿಡಬೇಕಾದ ನೀರನ್ನೇ ಒಳಕ್ಕೆ ಕರೆದುಕೊಳ್ಳಬೇಕಾಯಿತು. 1765ರಲ್ಲಿ ಜೇಮ್ಸ್ ವಾಟನು ಹಬೆಯಂತ್ರಕ್ಕೆ ಬೇರೆ ತಂಪುಪಾತ್ರೆಯನ್ನು ಕಲ್ಪಿಸಿದಂದಿನಿಂದಲೂ ತಣ್ಣೀರು ಯಂತ್ರದ ಪ್ರಾಣವಾಗಿರುವುದು. 1897ರಲ್ಲಿ ರುಡಾಲ್ಫ್ ಡೀಸೆಲನು ಜರ್ಮನಿಯಲ್ಲಿ ನಡೆಸಿ ತೋರಿಸಿದ ಎಂಜಿನಿಗೂ ನೀರಿನ ಕವಚವಿದ್ದಿತು. ಉರಿದ ಎಣ್ಣೆಯ ಶಾಖದಲ್ಲಿ ಸುಮಾರು ಕಾಲು ಭಾಗಕ್ಕೂ ಮೇಲ್ಪಟ್ಟು ಈ ನೀರೇ ಹೊತ್ತೊಯ್ಯಬೇಕು. ಒಯ್ಯದಿದ್ದರೆ ಕೊಂತವು ಕೊಳವಿಯಲ್ಲಿ ಕಚ್ಚಿಕೊಂಡು ದೋಣಿಯು ನಡುನೀರಿನಲ್ಲಿ ನಿಲ್ಲುವುದು.

ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಸೇರಿದ್ದ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ಹಿಂದಕ್ಕೆ ಹರಡಲಾಗಿ, ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಜನರಿಗೆ ನೆಲದ ಹಾದಿಯು ಮುಳುಗಿ, ಲಾಂಚೇ ಹೆದ್ದಾರಿಯಾಯಿತು. ನಾಡಿಗೆ ಬೆಳಕು ಕೊಟ್ಟವರು ರೋಗಿಯನ್ನು ಸಾಗರಕ್ಕೆ ಒಯ್ಯುವುದಕ್ಕೂ ಒಂದು ಎಂಜಿನಿನ ಆರೋಗ್ಯವನ್ನು ನೆಚ್ಚಬೇಕಾದುದು ಸಣ್ಣ ಮಾತಲ್ಲ.

ಒಳಗೇ ಅಳವಡಿಸಿದ ಎಂಜಿನುಳ್ಳ ದೋಣಿಗಳಲ್ಲಿ ಸಾಮಾನ್ಯವಾಗಿ ಎರಡು ಪಂಪುಗಳಿರುವುವು. ಒಂದು ಎಂಜಿನಿನೊಳಗಿನ ಶುದ್ಧಜಲವನ್ನು ಸುತ್ತಿಸುವುದು. ಇನ್ನೊಂದು ಹೊರಗಿನ ನೀರನ್ನು ಸೆಳೆದು, ಆ ಶುದ್ಧಜಲದ ಕಾವನ್ನು ಹೀರಿಸಿ, ಮರಳಿ ಹೊರಕ್ಕೆ ಚೆಲ್ಲುವುದು. ಈ ಎರಡನೆಯದೇ ಸುಕುಮಾರವಾದುದು. ಅದರೊಳಗೆ ರಬ್ಬರಿನ ಎಸಳುಗಳುಳ್ಳ ಚಕ್ರವೊಂದು ತಿರುಗುವುದು. ಅದಕ್ಕೆ ನೀರೇ ತಂಪು, ನೀರೇ ಜಾರುಕ. ನೀರಿಲ್ಲದೆ ಅಲ್ಪಕಾಲ ತಿರುಗಿದರೂ ಎಸಳುಗಳು ಸುಟ್ಟು ಹರಿಯುವುವು. ಹರಿದ ಚೂರುಗಳು ಮುಂದಿನ ಕೊಳವೆಗಳಲ್ಲಿ ಸಿಕ್ಕಿಕೊಳ್ಳುವುದರಿಂದ, ಹೊಸ ಚಕ್ರವನ್ನು ಹಾಕುವವನು ಹಳೆಯ ಎಸಳುಗಳನ್ನು ಎಣಿಸಿ, ಕೊರತೆಯಾದುದನ್ನು ಹುಡುಕಿ ತೆಗೆಯಲೇಬೇಕು. ಅವಸರದವರು ಬಿಡುವುದು ಇದನ್ನೇ. ಪಂಪಿನ ಅಡಿಯ ಸಣ್ಣ ರಂಧ್ರದಿಂದ ಹನಿ ತೊಟ್ಟಿಕ್ಕಿದರೆ ಒಳಗಿನ ಸೀಲು ಸವೆದಿದೆಯೆಂದು ತಿಳಿಯತಕ್ಕುದು. ಬೆಲ್ಟು ಸಡಿಲವಾದರೆ ಪಂಪು ನಿಧಾನಿಸುವುದು. ಅತಿಯಾಗಿ ಬಿಗಿದರೆ ಬೇರಿಂಗು ಕೆಡುವುದು.

ಸಮುದ್ರದಲ್ಲಿ ಉಪ್ಪು ಶತ್ರು, ನದಿಯಲ್ಲಿ ಮರಳು. ಬೇಸಿಗೆಯಲ್ಲಿ ನೀರು ಇಳಿದಾಗ ಪಂಪಿನ ಬಾಯಿಯು ತಳದ ಕೆಸರಿಗೆ ಸಮೀಪವಾಗಿ, ಜಾಲರಿಯಲ್ಲಿ ಕಸವೂ ಚಕ್ರದ ಮನೆಯಲ್ಲಿ ಗೀರುಗಳೂ ಹೆಚ್ಚುವುವು. ಚನ್ನಗಿರಿಯ ಸೂಳೆಕೆರೆಯ ತೂಬುಗಳ ಬಾಯಿಯನ್ನು ಹೂಳಿನಿಂದ ಕಾಯ್ದವರಿಗೆ ಈ ಸಂಕಟವು ಹೊಸದಲ್ಲ. ಜಾಲರಿಯನ್ನು ತೊಳೆಯುವುದು, ಎಂಜಿನು ಹೊರಟೊಡನೆ ಹಿಂಬದಿಯಿಂದ ನೀರು ಬೀಳುವುದೇ ಎಂದು ನೋಡುವುದು ದಿನದ ಕೆಲಸ. ಚಕ್ರವನ್ನು ಬಿಚ್ಚಿ ನೋಡುವುದು ಕನಿಷ್ಠ ವರ್ಷಕ್ಕೊಮ್ಮೆಯ ಕೆಲಸ.

ದೊಡ್ಡ ನದಿಯಿಲ್ಲದ ಜಗಳೂರಿನವರಿಗೆ ದೋಣಿಯ ಮಾತು ದೂರದ್ದೆನಿಸಬಹುದು. ಆದರೆ ಕಪಿಲೆಯ ಅನಂತರ ಬಾವಿಯ ಮೇಲೆ ಕುಳಿತ ಡೀಸೆಲ್ ಎಂಜಿನೂ ಈ ಕುಲದ್ದೇ. ತಾನು ಎತ್ತಿದ ನೀರಿನಲ್ಲಿ ಒಂದು ಸಣ್ಣ ಧಾರೆಯನ್ನು ತನ್ನ ಮೈಗೆ ತಿರುಗಿಸಿಕೊಂಡು ತಣಿಯುತ್ತಿದ್ದ ಇಂತಹ ಎಂಜಿನುಗಳಲ್ಲಿ, ಆ ಧಾರೆಗೆ ಕೈಯೊಡ್ಡಿ ಅದರ ಬಿಸಿಯಿಂದಲೇ ಯಂತ್ರದ ಕ್ಷೇಮವನ್ನು ಅಳೆಯಬಹುದಾಗಿದ್ದಿತು.

ಶರಾವತಿಯ ಮೇಲೆ ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆಯು 2025ರ ಜುಲೈ 14ರಂದು ತೆರೆಯಲ್ಪಟ್ಟಿತು. ಅಣೆಕಟ್ಟು ಮುಗಿದು ಆಗ 61 ವರ್ಷಗಳು ಕಳೆದಿದ್ದುವು.