ದೈವದ ಭಯ ಕಂಡ ಕಾನೂನು, ಸುಳ್ಳನ್ನು ಕಾಣಲಿಲ್ಲ

ಮಲ್ಪೆಯ ಕಡಲತಡಿಗೆ ಚುನಾವಣಾ ಅಪರಾಧದ ಕಾನೂನು ಬಂದದ್ದು ದಕ್ಷಿಣ ಕನ್ನಡ ಇನ್ನೂ ಮದರಾಸಿನ ಕೈಯಲ್ಲಿದ್ದಾಗ. 1920ರಲ್ಲಿ ಸುಧಾರಿತ ಶಾಸನಸಭೆಯ ಮೊದಲ ಚುನಾವಣೆಯ ಹೊತ್ತಿಗೆ ಭಾರತೀಯ ದಂಡಸಂಹಿತೆಗೆ 171ಎಯಿಂದ 171ಐವರೆಗಿನ ಕಲಂಗಳು ಸೇರಿದವು. ಲಂಚ ಕೊಡುವುದು, ಇನ್ನೊಬ್ಬರ ಹೆಸರಲ್ಲಿ ಓಟು ಹಾಕುವುದು, ಅಭ್ಯರ್ಥಿಯ ಮೇಲೆ ಸುಳ್ಳು ಹೊರಿಸುವುದು ಎಲ್ಲವೂ ಅಪರಾಧವಾದವು. 171ಸಿ ಕಲಮಂತೂ ಮತದಾರನನ್ನು ಬೆದರಿಸುವುದರ ಜೊತೆಗೆ, ದೇವರ ಮುನಿಸಿಗೆ ಗುರಿಯಾಗುತ್ತೀಯೆಂದು ನಂಬಿಸುವುದನ್ನೂ ಹೆಸರಿಸಿಯೇ ಹೇಳಿತು. ದೈವದ ಮಾತಿಗೆ ಮನೆಮಂದಿಯೆಲ್ಲ ತಲೆಬಾಗುವ ತುಳುನಾಡಿಗೆ ಇದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿತ್ತು. ಆದರೆ ನಿನಗೆ ಓಟೇ ಇಲ್ಲ, ಮತದಾನ ನಾಳೆಗೆ ಹೋಗಿದೆ ಎಂದು ಸುಳ್ಳು ಹೇಳಿ ಹಿಂದೆ ಕಳಿಸುವವನ ವಿಷಯಕ್ಕೆ ಬೇರೆ ಮಾತೇ ಇಲ್ಲ. ಕಾರಣ ಆ ಕಾಲದ ಮತದಾರರ ಪಟ್ಟಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಸುಮಾರು 4 ಕೋಟಿ ಜನರ ಮದರಾಸು ಪ್ರಾಂತ್ಯದಲ್ಲಿ ಓಟಿದ್ದವರು ಸುಮಾರು 12.5 ಲಕ್ಷ ಮಂದಿ. ಹಳ್ಳಿಗಳಲ್ಲಿ ಓಟು ಮುಖ್ಯವಾಗಿ ತೀರ್ವೆಯ ಬೆನ್ನಿಗೆ ಬರುತ್ತಿತ್ತು. ತೀರ್ವೆ ಕಟ್ಟುವ ಧಣಿಗೆ ತನ್ನ ಹಕ್ಕು ಗೊತ್ತಿತ್ತು. ಭೂಮಿಯಿಲ್ಲದೆ ಬಲೆಯನ್ನೇ ನಂಬಿದ್ದವನಿಗೆ ಮೋಸದಿಂದ ಕಳೆದುಕೊಳ್ಳಲು ಹಕ್ಕೇ ಇರಲಿಲ್ಲ.

1951–52ರಲ್ಲಿ ವಯಸ್ಕರೆಲ್ಲರಿಗೂ ಓಟು ಬಂತು, ಕಲಂ ಬದಲಾಗಲಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 171ನೆಯ ಕಲಮಾಗಿ ಕೂತಿದೆ. ಶಿಕ್ಷೆ ಅದೇ, ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮತ ಚಲಾಯಿಸುವ ಹಕ್ಕಿನಲ್ಲಿ ಬೇಕೆಂದೇ ಕೈಹಾಕುವುದೆಲ್ಲ ಅಪರಾಧವೆಂದು ಕಲಂ ಹೇಳಿರುವಾಗ ಸುಳ್ಳೂ ಅದರೊಳಗೇ ಬಂತಲ್ಲ ಎಂದು ವಕೀಲರು ಕೇಳಬಹುದು. ಬರುತ್ತದೆ, ನಿಜ. ಆದರೆ ಇನ್ನೊಬ್ಬರ ಹೆಸರಲ್ಲಿ ಓಟು ಹಾಕಿದವನನ್ನು ಪೊಲೀಸರು ಅಲ್ಲಿಯೇ ಹಿಡಿಯಬಹುದು. 171ನೆಯ ಕಲಮಿನ ಈ ಅಪರಾಧದಲ್ಲಾದರೋ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೂ ಇಳಿಯುವಂತಿಲ್ಲ. 2024ರ ಏಪ್ರಿಲ್ 26ರಂದು ಉಡುಪಿ–ಚಿಕ್ಕಮಗಳೂರು ಕ್ಷೇತ್ರ ಮತ ಹಾಕಿದ್ದು ಮೀನುಗಾರಿಕೆಯ ಹಂಗಾಮಿನಲ್ಲೇ. ಅಂಥ ದಿನ ಆಳಸಮುದ್ರದ ಬೋಟಿನಿಂದ ಇಳಿದವನಿಗೆ ಯಾರೋ, ಮತದಾರರ ಚೀಟಿ ಇಲ್ಲದಿದ್ದರೆ ಬಿಡುವುದಿಲ್ಲ ಅಂದರು ಎನ್ನಿ. ಆಧಾರ್ ತೋರಿಸಿಯೂ ಓಟು ಹಾಕಬಹುದೆಂದು ಅವನಿಗೆ ತಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ.

ಇಂಥ ಸುಳ್ಳಿಗೆಂದೇ ಬೇರೆ ಕಲಂ ಬೇಕು. ಹಾಗೆ ಹೊಸ ಅಪರಾಧ ಸೃಷ್ಟಿಸಿದರೆ ಬಾಯ್ತಪ್ಪಿ ಹೇಳಿದವನೂ ಜೈಲಿಗೆ ಹೋದಾನೆಂಬ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಅದಕ್ಕೇ ಕಲಂ ಕಿರಿದಾಗಿರಬೇಕು: ದಿನ, ಮತಗಟ್ಟೆ, ದಾಖಲೆ, ಅರ್ಹತೆ ಈ ನಾಲ್ಕರ ಬಗ್ಗೆ, ಸುಳ್ಳೆಂದು ತಿಳಿದೂ, ಓಟು ತಪ್ಪಿಸಲೆಂದೇ ಹೇಳಿದ್ದು ಮಾತ್ರ. ಪಕ್ಷಗಳ ಭರವಸೆ, ಬಣ್ಣದ ಮಾತು ಇದರೊಳಗೆ ಬರುವುದೇ ಇಲ್ಲ. ಕೆನಡಾದ ಗ್ವೆಲ್ಫ್‌ನಲ್ಲಿ 2011ರ ಚುನಾವಣೆಯ ದಿನ, ಮತಗಟ್ಟೆ ಬೇರೆಡೆಗೆ ಹೋಗಿದೆಯೆಂಬ ಸುಳ್ಳು ಫೋನ್ ಕರೆಗಳು ಮತದಾರರಿಗೆ ಹೋದವು. ಒಬ್ಬನಿಗೆ 9 ತಿಂಗಳ ಶಿಕ್ಷೆಯಾದದ್ದು 2014ರಲ್ಲಿ. ಮೂರು ವರ್ಷ ಕಳೆದ ಮೇಲೆ ಬಂದ ಶಿಕ್ಷೆ ಆ ದಿನದ ಓಟನ್ನು ವಾಪಸು ತರಲಿಲ್ಲ. ಹಾಗಾಗಿ ಇಲ್ಲಿ ಜೈಲಿನ ಅವಧಿ ಹೆಚ್ಚಿಸುವುದಕ್ಕಿಂತ, ದೂರು ಬಂದ ಗಳಿಗೆಯಲ್ಲೇ ಮಲ್ಪೆ ಠಾಣೆಯವರು ಹೊರಡುವಂತೆ ಮಾಡುವುದು ಹೆಚ್ಚು ಉಪಯೋಗದ ತಿದ್ದುಪಡಿ.